ಏಣಿ ಹತ್ತಿ ಹೋಗುವ ಕೆಲಸ

ಎಲ್ಲರಿಗೂ ನಮಸ್ಕಾರ. ಹಡಗಿನಲ್ಲಿ ದುಡಿಯುವವರಿಗಾಗಿ ಕಥೋಲಿಕ ಚರ್ಚ್ ಏನು ಮಾಡುತ್ತದೆ ಅಂತ ಹೇಳಲು ಕರೆದಿದ್ದೀರಿ. ಬಂದರಿನ ಮೂಲೆಯಲ್ಲೊಂದು ಪುಟ್ಟ ಚರ್ಚು, ಅಲ್ಲಿ ಬಲಿಪೂಜೆ ಅನ್ನುವ ನಮ್ಮ ಆರಾಧನೆ, ನಾವಿಕರು ಬಂದು ಮೊಣಕಾಲೂರಿ ಕೂರುತ್ತಾರೆ. ನಿಮ್ಮ ಕಣ್ಣಿಗೆ ಬರುವ ಚಿತ್ರ ಇದೇ ಅಲ್ವಾ? ಅದೂ ಇದೆ. ಆದರೆ ನಮ್ಮ ದಿನದ ಹೆಚ್ಚಿನ ಪಾಲು ಹಡಗಿನ ಏಣಿ ಹತ್ತುವುದರಲ್ಲೇ ಕಳೆಯುತ್ತದೆ.

ಯಾಕೆಂದರೆ ನಾವಿಕರಿಗೆ ಚರ್ಚಿಗೆ ಬರಲು ಪುರುಸೊತ್ತೇ ಇಲ್ಲ. ಕಂಟೇನರ್ ಹಡಗು ಎಷ್ಟೋ ಬಂದರುಗಳಲ್ಲಿ ಒಂದು ದಿನವೂ ನಿಲ್ಲುವುದಿಲ್ಲ. ನಿಂತಷ್ಟು ಹೊತ್ತು ಸರಕು, ತಪಾಸಣೆ, ಪಾಳಿ. 2004ರಲ್ಲಿ ಹೊಸ ಭದ್ರತಾ ನಿಯಮ ಬಂದ ಮೇಲಂತೂ ಬಂದರಿನ ಗೇಟು ದಾಟುವುದೇ ದೊಡ್ಡ ತಾಪತ್ರಯ. ಹಾಗಾಗಿ ನಾವೇ ಹೋಗಬೇಕು.

ನಮ್ಮ ಈ ಸಂಸ್ಥೆ ಶುರುವಾದದ್ದು 1920ರಲ್ಲಿ, ಸ್ಕಾಟ್ಲೆಂಡಿನ ಗ್ಲಾಸ್ಗೋದಲ್ಲಿ. ಪೀಟರ್ ಆನ್ಸನ್, ಆರ್ಥರ್ ಗ್ಯಾನನ್, ಯೇಸುಸಭೆ ಅನ್ನುವ ಸನ್ಯಾಸಿ ಸಂಘದ ಬ್ರದರ್ ಡೇನಿಯಲ್ ಶೀಲ್ಡ್ಸ್, ಈ ಮೂವರು ಮುಂದೆ ನಿಂತರು. 1922ರಲ್ಲಿ ಹನ್ನೊಂದನೇ ಪಿಯುಸ್ ಪೋಪರ ಒಪ್ಪಿಗೆ ಸಿಕ್ಕಿತು. ಪ್ರೊಟೆಸ್ಟಂಟರು ನಮಗಿಂತ ಎಷ್ಟೋ ಮೊದಲೇ ಈ ಕೆಲಸಕ್ಕೆ ಇಳಿದಿದ್ದರು, ಅದನ್ನು ಒಪ್ಪಿಕೊಳ್ಳಬೇಕು. ಈಗ ನಮ್ಮ ಹೆಸರು ಸ್ಟೆಲ್ಲಾ ಮಾರಿಸ್. ಸಮುದ್ರದ ತಾರೆ ಅಂತ ಅರ್ಥ, ಅದು ಮರಿಯಮ್ಮನವರ ಹೆಸರು.

ಏಣಿಯ ಮೇಲ್ತುದಿಯಲ್ಲಿ ಕಾವಲಿನ ಹುಡುಗ ರಿಜಿಸ್ಟರ್ ಮುಂದಿಡುತ್ತಾನೆ. ಸಹಿ ಹಾಕಿ, ವಿಸಿಟರ್ ಕಾರ್ಡ್ ಕೊರಳಿಗೆ ಹಾಕಿಕೊಂಡು ಊಟದ ಕೋಣೆಗೆ ಹೋಗುತ್ತೇವೆ. ನಾವಿಕರ ಮೊದಲ ಪ್ರಶ್ನೆ ದೇವರದ್ದಲ್ಲ, "ಸಿಮ್ ಇದೆಯಾ?" ಇದ್ದರೆ ಐದೇ ನಿಮಿಷದಲ್ಲಿ ಕೋಣೆ ಖಾಲಿ, ಎಲ್ಲರೂ ಒಂದೊಂದು ಮೂಲೆ ಹಿಡಿದು ಮನೆಗೆ ಫೋನ್ ಮಾಡುತ್ತಿರುತ್ತಾರೆ. ಒಮ್ಮೆ ಹೀಗೆ ಎಲ್ಲರೂ ಎದ್ದು ಹೋದ ಮೇಲೆ ಅಡುಗೆಯವರೊಬ್ಬರು ಮಾತ್ರ ಉಳಿದರು. ಒರೆಸಿದ ಮೇಜನ್ನೇ ಮತ್ತೆ ಮತ್ತೆ ಒರೆಸುತ್ತಿದ್ದರು. ನಾನು ಸುಮ್ನೆ ಕೂತಿದ್ದೆ. ತುಂಬಾ ಹೊತ್ತಾದ ಮೇಲೆ, ತಂದೆ ತೀರಿಕೊಂಡು ಮೂರು ವಾರ ಆಯಿತು, ಆಗ ನಡುಸಮುದ್ರದಲ್ಲಿದ್ದೆ ಅಂದರು. ಅವರು ಕ್ರೈಸ್ತರಲ್ಲ, ನಾನು ಕೇಳಲೂ ಇಲ್ಲ. ಇಬ್ಬರೂ ಟೀ ಕುಡಿದೆವು.

ಇನ್ನು ಕಷ್ಟದ ವಿಷಯ. ಕೆಲವು ಮಾಲೀಕರು ದುಡ್ಡು ಮುಗಿದಾಗ ಹಡಗನ್ನೂ ಜನರನ್ನೂ ಬಿಟ್ಟು ಮಾಯವಾಗುತ್ತಾರೆ. ಇಳಿದು ಹೋದರೆ ಸಂಬಳ ಕೈತಪ್ಪುತ್ತದೆಂಬ ಭಯಕ್ಕೆ ಸಿಬ್ಬಂದಿ ಅಲ್ಲೇ ಉಳಿಯುತ್ತಾರೆ. ಡೀಸೆಲ್ ಮುಗಿದರೆ ಕರೆಂಟಿಲ್ಲ, ಕರೆಂಟಿಲ್ಲದಿದ್ದರೆ ಫ್ರಿಜ್‌ನಲ್ಲಿದ್ದದ್ದೆಲ್ಲ ಹಾಳು. ಆಗ ಕುಡಿಯುವ ನೀರು, ಅಕ್ಕಿ ಹೊತ್ತುಕೊಂಡು ಹೋಗುವವರಲ್ಲಿ ನಾವೂ ಇರುತ್ತೇವೆ. ಅದಕ್ಕಿಂತ ಮುಖ್ಯ, ಕಾನೂನು ಏನು ಹೇಳುತ್ತದೆ ಅಂತ ಅವರಿಗೆ ತಿಳಿಸಬೇಕು. 2006ರ ಅಂತರರಾಷ್ಟ್ರೀಯ ಕಡಲ ಕಾರ್ಮಿಕ ಒಪ್ಪಂದದ ಪ್ರಕಾರ, ಕನಿಷ್ಠ ಎರಡು ತಿಂಗಳು ಸಂಬಳ ಕೊಡದಿದ್ದರೂ ಕೈಬಿಟ್ಟಂತೆಯೇ ಲೆಕ್ಕ. 2017ರಿಂದ ಜಾರಿಯಲ್ಲಿರುವ ತಿದ್ದುಪಡಿಯಂತೆ ನಾಲ್ಕು ತಿಂಗಳವರೆಗಿನ ಬಾಕಿ ಸಂಬಳಕ್ಕೂ ಮನೆಗೆ ಕಳಿಸುವ ಖರ್ಚಿಗೂ ಹಡಗಿನ ಮೇಲೆ ವಿಮೆಯಂಥ ಭದ್ರತೆ ಇರಲೇಬೇಕು. ಅದರ ಪ್ರಮಾಣಪತ್ರವನ್ನು ಹಡಗಿನಲ್ಲೇ ಎಲ್ಲರಿಗೂ ಕಾಣುವಂತೆ ಅಂಟಿಸಿರಬೇಕು. ಅದನ್ನು ಬೆರಳಿಟ್ಟು ತೋರಿಸುವುದು, ನಾವಿಕರ ಯೂನಿಯನ್ನಿನ ಇನ್ಸ್‌ಪೆಕ್ಟರ್ ನಂಬರ್ ಕೊಡುವುದು ನನ್ನ ಲೆಕ್ಕದಲ್ಲಿ ಜಪಮಾಲೆ ಕೊಟ್ಟಷ್ಟೇ ಧರ್ಮದ ಕೆಲಸ. ಆದರೆ ಯಾರು ದೂರು ಹೇಳಿದರು ಅಂತ ಮಾತ್ರ ಬಾಯಿ ಬಿಡಬಾರದು. ಹೆಸರು ಹೊರಬಿದ್ದರೆ ಆ ಮನುಷ್ಯನಿಗೆ ಮುಂದಿನ ಹಡಗು ಸಿಗದೇ ಹೋಗಬಹುದು.

ಈಗ ಹಡಗಿನಲ್ಲೇ ವೈಫೈ ಬಂತು, ನಿಮಗಿನ್ನೇನು ಕೆಲಸ ಅಂತ ಕೇಳುತ್ತಾರೆ. ವೈಫೈ ಇರುವ ಹಡಗಿನಲ್ಲಿ ಎಲ್ಲರೂ ಕ್ಯಾಬಿನ್ ಬಾಗಿಲು ಹಾಕಿಕೊಂಡಿರುತ್ತಾರೆ, ಊಟದ ಕೋಣೆ ಮೊದಲಿಗಿಂತ ಜಾಸ್ತಿ ಬಿಕೋ ಅನ್ನುತ್ತದೆ. ಈಗ ಬಾಗಿಲು ತಟ್ಟುವುದೂ ನಮ್ಮದೇ ಕೆಲಸ.

ನಮ್ಮ ಜೊತೆ ಬರುವ ಮನಸ್ಸಿರುವವರು ಚೀಲವನ್ನು ಬೆನ್ನಿಗೆ ಹಾಕಿಕೊಂಡು ಬನ್ನಿ. ಏಣಿ ಅಲುಗಾಡುತ್ತದೆ, ಎರಡೂ ಕೈ ಖಾಲಿ ಇರಬೇಕು.