ಕೆಂಪಾದ ಕಣ್ಣೆಲ್ಲ ಮದ್ರಾಸ್ ಐ ಅಲ್ಲ

[ದೃಶ್ಯ: ಗಂಗಾವತಿ ಹತ್ತಿರದ ಭತ್ತದ ಗದ್ದೆ, ಸುಡು ಬಿಸಿಲು]

ನಮಸ್ಕಾರ. ನಮ್ಮ ಗಂಗಾವತಿ, ಸಿಂಧನೂರು ಕಡೆ ಕಣ್ಣು ಕೆಂಪಾದರೆ ಎರಡೇ ಮಾತು: 'ಧೂಳು ಬಿದ್ದಿದೆ', ಇಲ್ಲವೇ 'ಮದ್ರಾಸ್ ಐ'. ಮೆಡಿಕಲ್ ಶಾಪಿನಿಂದ ಒಂದು ಡ್ರಾಪ್ಸ್ ತಂದು ಹಾಕಿಕೊಂಡರೆ ಮುಗೀತು, ಅಲ್ವಾ?

ಮದ್ರಾಸ್ ಐ ಬಂದರೆ ಪಿಸುರು ಬರುತ್ತದೆ, ಬೆಳಿಗ್ಗೆ ರೆಪ್ಪೆ ಅಂಟಿರುತ್ತದೆ. ನೋಟ ಮಾತ್ರ ಅಷ್ಟಾಗಿ ಕೆಡುವುದಿಲ್ಲ. ಆದರೆ ಪಿಸುರೇ ಇಲ್ಲದೆ ಒಂದೇ ಕಣ್ಣು ಒಳಗಿಂದ ನೋಯುತ್ತಿದೆ, ಬಿಸಿಲು ನೋಡಲು ಆಗುತ್ತಿಲ್ಲ, ನೋಟ ಮಂಜಾಗಿದೆ ಅಂದರೆ ಕಣ್ಣೊಳಗೆ ಊತ ಇರಬಹುದು ಅಂತ ಅನುಮಾನ ಪಡಿ.

[ದೃಶ್ಯ: ಕಣ್ಣಿನ ಚಿತ್ರ, ಕಪ್ಪುಗುಡ್ಡೆಯ ಅಂಚಿನ ಸುತ್ತ ಕೆಂಪು]

ಕೆಂಪು ಕಪ್ಪುಗುಡ್ಡೆಯ ಸುತ್ತಲೇ ಜಾಸ್ತಿ. ಪಾಪೆ ಸಣ್ಣದಾಗಿರಬಹುದು. ಪಾಪೆಯ ಸುತ್ತ ಇರುವ ಬಣ್ಣದ ಪರದೆ, ಅಂದರೆ ಐರಿಸ್, ಊದಿಕೊಂಡಿದೆ. ಡಾಕ್ಟರು ಇದನ್ನು ಯುವೈಟಿಸ್ ಅಥವಾ ಐರೈಟಿಸ್ ಅನ್ನುತ್ತಾರೆ. ಬರಿ ಟಾರ್ಚ್ ಬಿಟ್ಟು ನೋಡಿದರೆ ಇದು ಖಚಿತವಾಗುವುದಿಲ್ಲ. ಸ್ಲಿಟ್ ಲ್ಯಾಂಪ್, ಅಂದರೆ ತೆಳು ಬೆಳಕು ಬಿಟ್ಟು ಕಣ್ಣನ್ನು ದೊಡ್ಡದಾಗಿ ತೋರಿಸುವ ಯಂತ್ರ ಬೇಕು. ಬಿಸಿಲುಕೋಲಿನಲ್ಲಿ ಧೂಳಿನ ಕಣ ತೇಲುವ ಹಾಗೆ, ಅದರ ಬೆಳಕಿನಲ್ಲಿ ಕಣ್ಣೊಳಗಿನ ನೀರಿನಲ್ಲಿ ಬಿಳಿ ರಕ್ತಕಣಗಳು ತೇಲುವುದು ಕಾಣುತ್ತದೆ.

ಚಿಕಿತ್ಸೆಗೆ ಮುಖ್ಯವಾಗಿ ಎರಡು ಡ್ರಾಪ್ಸ್. ಒಂದು ಊತ ಇಳಿಸುವ, ಪ್ರೆಡ್ನಿಸೊಲೋನ್‌ನಂಥ ಸ್ಟೀರಾಯ್ಡ್. ಜೋರಾಗಿದ್ದರೆ ಶುರುವಿನಲ್ಲಿ ಗಂಟೆಗೊಮ್ಮೆ ಹಾಕಬೇಕಾಗುತ್ತದೆ. ಇನ್ನೊಂದು ಪಾಪೆ ಹಿಗ್ಗಿಸುವ ಹೋಮಾಟ್ರೋಪಿನ್ ಅಥವಾ ಆಟ್ರೋಪಿನ್. ಇದು ನೋವು ಇಳಿಸುತ್ತದೆ, ಐರಿಸ್ ಹಿಂದಿನ ಲೆನ್ಸಿಗೆ ಅಂಟದಂತೆ ತಡೆಯುತ್ತದೆ. ಹಾಗೆ ಅಂಟಿಕೊಂಡರೆ ಕಣ್ಣಿನ ಒತ್ತಡ ಏರಿ, ಕಣ್ಣಿನ ನರ ಹಾಳಾಗುವ ಗ್ಲಾಕೋಮಾ ಆಗಬಹುದು. ಈ ಡ್ರಾಪ್ಸಿಗೆ ಹತ್ತಿರದ ಅಕ್ಷರ ಮಸುಕಾಗುತ್ತದೆ, ಗಾಬರಿ ಬೇಡ. ಬೈಕ್ ಮಾತ್ರ ಓಡಿಸಬೇಡಿ.

ಹಾಗಂತ ಸ್ಟೀರಾಯ್ಡನ್ನು ಸುಮ್ನೆ ತಂದು ಹಾಕಿಕೊಳ್ಳಬೇಡಿ. ಭತ್ತದ ಗರಿ, ಹೊಟ್ಟು ತಾಗಿ ಫಂಗಸ್ ಹುಣ್ಣಾದ ಕಣ್ಣೂ ಹೀಗೇ ಕೆಂಪಾಗಿ ನೋಯುತ್ತದೆ. ಅದಕ್ಕೆ ಸ್ಟೀರಾಯ್ಡ್ ಬಿದ್ದರೆ ಹುಣ್ಣು ಹಬ್ಬಿ ದೃಷ್ಟಿಯೇ ಹೋಗಬಹುದು. ನನ್ನನ್ನು ಕೇಳಿದರೆ ಈ ಡ್ರಾಪ್ಸನ್ನು ಚೀಟಿ ಇಲ್ಲದೆ ಯಾರೂ ಕೊಡಲೇಬಾರದು.

[ದೃಶ್ಯ: ಕಾಲುವೆ ನೀರು, ಬರಿಗಾಲಲ್ಲಿ ನಾಟಿ]

ಕಾರಣ? ಎಷ್ಟೋ ಸಲ ಸಿಗುವುದೇ ಇಲ್ಲ. ಆದರೂ ಡಾಕ್ಟರಿಗೆ ಎಲ್ಲ ಹೇಳಿ. ಬೆಳಿಗ್ಗೆ ಎದ್ದಾಗ ಸೊಂಟ ಬಿಗಿದು, ಓಡಾಡಿದ ಮೇಲೆ ಸಡಿಲವಾಗುತ್ತದೆಯೇ? ಮನೆಯಲ್ಲಿ ಯಾರಿಗಾದರೂ ಟಿಬಿ ಇತ್ತೇ? ಗದ್ದೆ ನೀರಿನಲ್ಲಿ ದುಡಿದು ಇಲಿ ಜ್ವರ ಬಂದಿತ್ತೇ? ಆ ಜ್ವರ ಬಿಟ್ಟು ತಿಂಗಳುಗಳಾದ ಮೇಲೂ ಕಣ್ಣಿಗೆ ತೊಂದರೆ ಬರಬಹುದು.

ಕೆಂಪು ಇಳಿಯಿತು ಅಂತ ಡ್ರಾಪ್ಸನ್ನು ಒಮ್ಮೆಗೇ ನಿಲ್ಲಿಸಬೇಡಿ, ಊತ ಮರಳಬಹುದು. ಡಾಕ್ಟರು ಹೇಳಿದಂತೆ ವಾರಗಳಲ್ಲಿ ನಿಧಾನಕ್ಕೆ ಇಳಿಸಬೇಕು, ನಡುನಡುವೆ ಕಣ್ಣಿನ ಒತ್ತಡ ನೋಡಿಸಬೇಕು. ಒಮ್ಮೆ ಬಂದವರಿಗೆ ಮತ್ತೆ ಬರುವುದುಂಟು, ಹಳೆ ಚೀಟಿ ಜೋಪಾನವಾಗಿ ಇಟ್ಟುಕೊಳ್ಳಿ.