15 ಕಿಲೋ ಡಬ್ಬ, 15 ಲೀಟರ್ ಡಬ್ಬ

ಕೇಳುಗರಿಗೆ ನಮಸ್ಕಾರ.

ಮುಂಬಯಿಯ ಫೋರ್ಟ್ ಕಡೆಯ ಒಂದು ಕನ್ನಡ ರಾತ್ರಿ ಶಾಲೆಯಲ್ಲಿ ನಾನು ಹಲವು ವರ್ಷ ವಿಜ್ಞಾನ ಕಲಿಸಿದೆ. ನನ್ನ ತರಗತಿಯ ಹುಡುಗರೆಲ್ಲ ಹಗಲು ಹೋಟೆಲಿನಲ್ಲಿ ದುಡಿದು ಬರುವವರು. ಒಬ್ಬ ಟೇಬಲ್ ಒರೆಸುವವನು, ಒಬ್ಬ ಮೋರಿಯಲ್ಲಿ ಪಾತ್ರೆ ತೊಳೆಯುವವನು, ಇನ್ನೊಬ್ಬ ಆಫೀಸುಗಳಿಗೆ ಚಹಾ ಹೊತ್ತುಕೊಂಡು ಹೋಗುವವನು. ಕುಂದಾಪುರ, ಕಾರ್ಕಳ, ಬೈಂದೂರು ಕಡೆಯವರು. ಕೈಯಲ್ಲಿ ಸಾಂಬಾರಿನ ವಾಸನೆ, ಕಣ್ಣಲ್ಲಿ ನಿದ್ದೆ. ಆದರೂ ಪುಸ್ತಕ ತೆರೆದು ಕೂರುತ್ತಿದ್ದರು.

ಒಂದು ಸಂಜೆ ಅವರಲ್ಲಿ ಒಬ್ಬ ತುಂಬ ಸಪ್ಪಗಿದ್ದ. ಏನಾಯ್ತೋ ಅಂದೆ. "ಬೈಸಿಕೊಂಡೆ ಟೀಚರ್" ಅಂದ. ಅಡುಗೆ ಎಣ್ಣೆ ತರಲು ಅವನನ್ನು ಪೇಟೆಗೆ ಕಳಿಸಿದ್ದರು. ಅಂಗಡಿಯಲ್ಲಿ ಒಂದೇ ಥರ ಕಾಣುವ ಎರಡು ತಗಡಿನ ಡಬ್ಬ. ಎರಡರ ಮೇಲೂ 15 ಅಂತ ದಪ್ಪಕ್ಷರದಲ್ಲಿ ಬರೆದಿತ್ತು. ಲೆಕ್ಕ ಸುಲಭವಾಗಲಿ ಅಂತ ಬೆಲೆಯನ್ನು ದುಂಡಗೆ ಹೇಳುತ್ತೇನೆ: ಒಂದಕ್ಕೆ 2100 ರೂಪಾಯಿ, ಇನ್ನೊಂದಕ್ಕೆ 2000 ರೂಪಾಯಿ ಅಂದುಕೊಳ್ಳಿ. ನೂರು ರೂಪಾಯಿ ಉಳಿಯಿತು ಅಂತ ಹುಡುಗ ಖುಷಿಯಿಂದ ಎರಡನೆಯದನ್ನು ತಂದ. ಭಟ್ಟರು ತೂಗಿ ನೋಡಿದರೆ ಎಣ್ಣೆ 15 ಕಿಲೋ ಇಲ್ಲ. ಒಂದೂಕಾಲು ಕಿಲೋಗಿಂತ ಜಾಸ್ತಿ ಕಡಿಮೆ. ದಾರಿಯಲ್ಲಿ ಎಲ್ಲಿ ಸುರಿದೆ ಅಂತ ಬೈಗುಳ.

ಅವನು ಒಂದು ತೊಟ್ಟೂ ಚೆಲ್ಲಿರಲಿಲ್ಲ. ಮೊದಲ ಡಬ್ಬದಲ್ಲಿ ಇದ್ದದ್ದು 15 ಕಿಲೋ. ಅವನು ತಂದದ್ದು 15 ಲೀಟರ್. ಹದಿನೈದರ ಪಕ್ಕದ ಸಣ್ಣ ಅಕ್ಷರವನ್ನು ಯಾರೂ ಓದಿರಲಿಲ್ಲ.

ಆ ರಾತ್ರಿ ಬೇರೆ ಪಾಠ ಮಾಡಬೇಕಿತ್ತು. ಅದನ್ನು ಬಿಟ್ಟು ಸಾಂದ್ರತೆಯ ಪಾಠ ತೆಗೆದೆ. ಇವತ್ತು ನಿಮ್ಮ ಮುಂದೆ ಹೇಳಬೇಕೆಂದಿರುವುದೂ ಅದನ್ನೇ.

ಕಿಲೋ ಎನ್ನುವುದು ತೂಕದ ಮಾತು. ಲೀಟರ್ ಎನ್ನುವುದು ಜಾಗದ ಮಾತು, ಅಂದರೆ ವಸ್ತು ಎಷ್ಟು ಜಾಗ ಹಿಡಿಯುತ್ತದೆ ಎನ್ನುವುದು. ಪುಸ್ತಕದಲ್ಲಿ ಇವಕ್ಕೆ ದ್ರವ್ಯರಾಶಿ, ಗಾತ್ರ ಅಂತ ಹೆಸರಿದೆ. ಎರಡೂ ಬೇರೆ ಬೇರೆ. ಇವೆರಡನ್ನು ಜೋಡಿಸುವ ಸೇತುವೆ ಸಾಂದ್ರತೆ. ಅಡುಗೆ ಎಣ್ಣೆಯ ಸಾಂದ್ರತೆ ಸುಮಾರು 0.91. ಏನು 0.91? ಲೀಟರಿಗೆ 0.91 ಕಿಲೋ. ನಿಮ್ಮ ಮನೆಯ ಎಣ್ಣೆ ಪ್ಯಾಕೆಟ್ ತಿರುಗಿಸಿ ನೋಡಿ. 1 ಲೀಟರ್ ಅಂತ ಇರುವಲ್ಲಿ ಪಕ್ಕದಲ್ಲೇ 910 ಗ್ರಾಂ ಅಂತ ಬರೆದಿರುತ್ತದೆ.

ಈ "ಲೀಟರಿಗೆ" ಎನ್ನುವುದರಲ್ಲಿ ಕೊನೆಗೆ ಒಂದು "ಗೆ" ಇದೆಯಲ್ಲ, ನನ್ನ ಮಟ್ಟಿಗೆ ಇಡೀ ಪಾಠ ಆ ಒಂದು ಅಕ್ಷರದಲ್ಲಿದೆ. ಬದನೆಕಾಯಿ ಕಿಲೋಗೆ 60 ರೂಪಾಯಿ ಅಂತೀವಿ. 3 ಕಿಲೋ ತಗೊಂಡರೆ 180 ರೂಪಾಯಿ. ಇದನ್ನು ಯಾರಿಗೂ ಕಲಿಸಬೇಕಾಗಿಲ್ಲ. ಸಾಂದ್ರತೆಯೂ ಹಾಗೇ ಒಂದು ದರ. ರೂಪಾಯಿ ಬದಲು ಗ್ರಾಂ ಇದೆ, ಅಷ್ಟೇ. ದರ ಅಂದಮೇಲೆ ಕೊಂಡದ್ದು ಎಷ್ಟೇ ಇರಲಿ, ಅದು ಬದಲಾಗುವುದಿಲ್ಲ. ಒಂದು ಚಮಚ ಎಣ್ಣೆಗೂ ಒಂದು ಟ್ಯಾಂಕರ್ ಎಣ್ಣೆಗೂ ಸಾಂದ್ರತೆ ಒಂದೇ.

ಹಾಗಾದರೆ ಡಬ್ಬದ ಲೆಕ್ಕ ಮಾಡೋಣ. 15 ಲೀಟರ್ ಇದೆ, ಲೀಟರಿಗೆ 0.91 ಕಿಲೋ. ಗುಣಿಸಿದರೆ 13.65 ಕಿಲೋ. ಬೈಸಿಕೊಂಡ ಆ 1.35 ಕಿಲೋ ಇಲ್ಲಿ ಸಿಕ್ಕಿತು. ಇನ್ನು ಬೆಲೆ. ಮೊದಲ ಡಬ್ಬದಲ್ಲಿ ಕಿಲೋಗೆ 140 ರೂಪಾಯಿ ಬಿತ್ತು. ಅಗ್ಗ ಅಂತ ತಂದದ್ದರಲ್ಲಿ 2000ವನ್ನು 13.65ರಿಂದ ಭಾಗಿಸಿ ನೋಡಿ. ಕಿಲೋಗೆ ಸುಮಾರು 146 ರೂಪಾಯಿ 50 ಪೈಸೆ.

ಮಕ್ಕಳು ಯಾವಾಗಲೂ ಕೇಳುವ ಪ್ರಶ್ನೆ ಒಂದಿದೆ. "ಟೀಚರ್, ಗುಣಿಸಬೇಕೋ ಭಾಗಿಸಬೇಕೋ ಗೊತ್ತಾಗಲ್ಲ." ಸೂತ್ರ ಬಾಯಿಪಾಠ ಮಾಡಿದವರಿಗೆ ಈ ತೊಂದರೆ ಇದ್ದೇ ಇರುತ್ತದೆ. ನಾನು ಹೇಳುತ್ತಿದ್ದದ್ದು ಇಷ್ಟು: ಪ್ರತಿ ಅಂಕಿಯ ಪಕ್ಕ ಅದರ ಯೂನಿಟ್ ಬರೆಯಿರಿ, ಅಂಕಿಯ ಜೊತೆ ಅದನ್ನೂ ಗುಣಿಸಿ, ಅದನ್ನೂ ಭಾಗಿಸಿ. 15 ಕಿಲೋ ಡಬ್ಬದಲ್ಲಿ ಎಷ್ಟು ಲೀಟರ್ ಎಣ್ಣೆ ಇದೆ? ಗುಣಿಸಿದಿರಿ ಅಂತಿಟ್ಟುಕೊಳ್ಳಿ. ಕಿಲೋವನ್ನು ಕಿಲೋದಿಂದ ಗುಣಿಸಿ ಲೀಟರಿನಿಂದ ಭಾಗಿಸಿದ ಹಾಗಾಯಿತು. ಅಂಥದ್ದೊಂದನ್ನು ಯಾವ ಅಂಗಡಿಯಲ್ಲೂ ಕೊಡುವುದಿಲ್ಲ, ಅಲ್ವಾ? ದಾರಿ ತಪ್ಪಿತು ಅಂತ ಅಲ್ಲೇ ತಿಳಿಯುತ್ತದೆ. ಭಾಗಿಸಿದರೆ ಮೇಲಿನ ಕಿಲೋ, ಕೆಳಗಿನ ಕಿಲೋ ಹೊಡೆದುಹೋಗಿ ಲೀಟರ್ ಒಂದೇ ಉಳಿಯುತ್ತದೆ. ಸುಮಾರು ಹದಿನಾರೂವರೆ ಲೀಟರ್.

ಅಳತೆ ಮತ್ತು ತೂಕದ ಈ ಗೊಂದಲ ನಮ್ಮವರಿಗೆ ಹೊಸದಲ್ಲ. ನನ್ನ ಅಮ್ಮ ಮದುವೆಯಾಗಿ ಮುಂಬಯಿಗೆ ಬರುವಾಗ ಊರಿನಿಂದ ಒಂದು ಪಾವು ತಂದಿದ್ದರು. ಡೊಂಬಿವಲಿಯ ನಮ್ಮ ಅಡುಗೆಮನೆಯಲ್ಲಿ ಈಗಲೂ ಅಕ್ಕಿ ಡಬ್ಬದೊಳಗೆ ಅದೇ ಇದೆ. ಊರಲ್ಲಿ ಪಾವು, ಸೇರು ಅಂದರೆ ಅಕ್ಕಿ ಅಳೆಯುವ ಪಾತ್ರೆ. ಆದರೆ ಹಳೆಯ ಸರ್ಕಾರಿ ಸೇರು ತೂಕದ್ದು. 80 ತೊಲ ಸೇರಿದರೆ ಒಂದು ಸೇರು, ನಮ್ಮ ಲೆಕ್ಕದಲ್ಲಿ ಸುಮಾರು 933 ಗ್ರಾಂ. ಹೆಸರು ಒಂದೇ, ಒಂದು ಕಡೆ ಅಳತೆ, ಇನ್ನೊಂದು ಕಡೆ ತೂಕ. ಅದೇ ಪಾವಿನಲ್ಲಿ ಅವಲಕ್ಕಿ ಅಳೆದು ಆಮೇಲೆ ಅಕ್ಕಿ ಅಳೆದು ತೂಗಿದರೆ ಎಷ್ಟು ವ್ಯತ್ಯಾಸ ಅಂತ ಅಮ್ಮನಿಗೆ ಚೆನ್ನಾಗಿ ಗೊತ್ತಿತ್ತು. 1958ರ ಅಕ್ಟೋಬರ್‌ನಿಂದ ದೇಶದಲ್ಲಿ ಮೆಟ್ರಿಕ್ ತೂಕಗಳು ಹಂತಹಂತವಾಗಿ ಬಂದವು. ಅವು ಬಂದದ್ದು ಬಡವರಿಗೆ ದೊಡ್ಡ ಉಪಕಾರ ಅಂತ ನಾನು ನಂಬಿದ್ದೇನೆ. ಪೇಟೆಗೊಂದು ಸೇರು ಇದ್ದ ಕಾಲದಲ್ಲಿ ಮೋಸ ಹೋಗುತ್ತಿದ್ದವರು ಅವರೇ.

ಯೂನಿಟ್ ಮರೆತರೆ ಪರೀಕ್ಷೆಯಲ್ಲಿ ಅರ್ಧ ಅಂಕ ಹೋಗುತ್ತದೆ, ಅಷ್ಟೇ ತಾನೆ ಅನ್ನುವವರಿದ್ದಾರೆ. ಅವರಿಗೆ 1983ರ ಜುಲೈ 23ರ ಒಂದು ಘಟನೆ ಹೇಳುತ್ತೇನೆ. ಕೆನಡಾದಲ್ಲಿ ಒಂದು ಬೋಯಿಂಗ್ 767 ವಿಮಾನ ಹೊರಟಿತ್ತು. ಇಂಧನದ ಮೀಟರ್ ಕೆಟ್ಟಿದ್ದರಿಂದ ಟ್ಯಾಂಕಿನಲ್ಲಿ ಎಷ್ಟಿದೆ ಅಂತ ಕಡ್ಡಿ ಹಾಕಿ ಅಳೆದರು. 7682 ಲೀಟರ್ ಇತ್ತು. ಪ್ರಯಾಣಕ್ಕೆ ಬೇಕಿದ್ದದ್ದು 22,300 ಕಿಲೋ. ಲೀಟರನ್ನು ಕಿಲೋ ಮಾಡಲು ಸಾಂದ್ರತೆ ಬೇಕು. ಅವರಿಗೆ ಸಿಕ್ಕಿದ ಅಂಕಿ 1.77. ಅದರಿಂದಲೇ ಗುಣಿಸಿದರು. ಆದರೆ ಅದು ಲೀಟರಿಗೆ 1.77 ಪೌಂಡ್. ಕಿಲೋದಲ್ಲಿ ಹೇಳುವುದಾದರೆ ಲೀಟರಿಗೆ ಸುಮಾರು 0.8 ಮಾತ್ರ. ಕೆನಡಾ ಆಗ ತಾನೇ ಪೌಂಡ್ ಬಿಟ್ಟು ಕಿಲೋಗೆ ಹೊರಳುತ್ತಿತ್ತು. ತುಂಬಬೇಕಿದ್ದದ್ದು 20,000 ಲೀಟರ್, ತುಂಬಿದ್ದು 5,000ಕ್ಕೂ ಕಡಿಮೆ. 41,000 ಅಡಿ ಎತ್ತರದಲ್ಲಿ ಇಂಧನ ಮುಗಿಯುತ್ತಾ ಬಂದು, ಎರಡೂ ಎಂಜಿನ್ ನಿಂತವು. ಪೈಲಟ್‌ಗೆ ಗ್ಲೈಡರ್ ಹಾರಿಸಿ ಅಭ್ಯಾಸವಿತ್ತು. ಎಂಜಿನ್ ಇಲ್ಲದ ವಿಮಾನವನ್ನು ಗಿಮ್ಲಿ ಎಂಬಲ್ಲಿನ ಹಳೆಯ ವಾಯುಪಡೆ ನಿಲ್ದಾಣಕ್ಕೆ ತೇಲಿಸಿಕೊಂಡು ತಂದು ಇಳಿಸಿದರು. ಯಾರೂ ಸಾಯಲಿಲ್ಲ. ಲೆಕ್ಕ ಮಾಡಿದವರು ದಡ್ಡರಲ್ಲ, ಗುಣಾಕಾರವೂ ತಪ್ಪಲ್ಲ. 1.77ರ ಪಕ್ಕ "ಪೌಂಡ್" ಅಂತ ಬರೆದಿದ್ದರೆ ಯಾರಾದರೊಬ್ಬರು ತಡೆಯುತ್ತಿದ್ದರು. ಈ ಕಥೆ ಹೇಳಿದ ದಿನ ನನ್ನ ತರಗತಿಯಲ್ಲಿ ಯಾರೂ ತೂಕಡಿಸಲಿಲ್ಲ.

ಪೆಟ್ರೋಲ್ ಪಂಪಿನಲ್ಲಿ ಗಾಡಿ ನಿಲ್ಲಿಸಿದಾಗ ಬೆಲೆಯ ಜೊತೆ ಡೆನ್ಸಿಟಿ ಅಂತ ಇನ್ನೊಂದು ಅಂಕಿ ಇರುವುದನ್ನು ಗಮನಿಸಿ. 745 ಅಂತಲೋ ಏನೋ ಇರುತ್ತದೆ. ಪೆಟ್ರೋಲಿಗೆ ಅದು 720ರಿಂದ 775ರ ಒಳಗಿರಬೇಕು. ಎಣ್ಣೆ 0.91, ಪೆಟ್ರೋಲ್ 745! ಅಷ್ಟು ಭಾರವೇ? ಅಲ್ಲ. ಇಲ್ಲಿ ಯೂನಿಟ್ ಘನ ಮೀಟರಿಗೆ ಕಿಲೋ. ಉದ್ದ, ಅಗಲ, ಎತ್ತರ ಮೂರೂ ಒಂದೊಂದು ಮೀಟರ್ ಇರುವ ಪೆಟ್ಟಿಗೆ ಅಂದುಕೊಳ್ಳಿ. ಅದರಲ್ಲಿ 1000 ಲೀಟರ್ ಹಿಡಿಯುತ್ತದೆ, ನಮ್ಮ ಬಿಲ್ಡಿಂಗ್ ತಾರಸಿಯ ಕಪ್ಪು ಟ್ಯಾಂಕಿನಷ್ಟು. ಮೀಟರಿಗೆ ನೂರು ಸೆಂಟಿಮೀಟರ್ ಅಂತ ಘನ ಮೀಟರಿಗೂ ನೂರು ಅಂದುಬಿಡುತ್ತಾರೆ ಮಕ್ಕಳು. ಮೂರು ದಿಕ್ಕಿಗೂ ನೂರು, ಹಾಗಾಗಿ ಅದು ಹತ್ತು ಲಕ್ಷ ಘನ ಸೆಂಟಿಮೀಟರ್. 745 ಕಿಲೋವನ್ನು 1000 ಲೀಟರಿಗೆ ಹಂಚಿದರೆ ಲೀಟರಿಗೆ 0.745 ಕಿಲೋ. ಪೆಟ್ರೋಲ್ ಎಣ್ಣೆಗಿಂತ ಹಗುರ. ಬಿಸಿಲಿಗೆ ಪೆಟ್ರೋಲ್ ಹಿಗ್ಗಿ ಸಾಂದ್ರತೆ ಇಳಿಯುವುದರಿಂದ ಈ ಅಂಕಿಯನ್ನು 15 ಡಿಗ್ರಿ ಸೆಲ್ಸಿಯಸ್‌ಗೆ ಸರಿಹೊಂದಿಸಿ ಹೇಳುತ್ತಾರೆ.

ಸಾಂದ್ರತೆ ನಂಬಬಹುದಾದ ಸಾಕ್ಷಿ. ಆದರೆ ಅದೊಂದೇ ಸಾಲದು. ಹಾಲಿನ ವಿಷಯ ತಗೊಳ್ಳಿ. ತಬೇಲದಿಂದ ಭೈಯ್ಯ ಹಾಲು ತಂದಾಗ ಹೋಟೆಲಿನವರು ಅದರೊಳಗೆ ಲ್ಯಾಕ್ಟೋಮೀಟರ್ ಬಿಡುತ್ತಾರೆ, ಅಂದರೆ ಹಾಲಿನಲ್ಲಿ ತೇಲಿ ಅದರ ಸಾಂದ್ರತೆ ತೋರಿಸುವ ಕೊಳವೆ. ಒಳ್ಳೆಯ ಹಾಲಿನ ಸಾಂದ್ರತೆ ಮಿಲಿಲೀಟರಿಗೆ ಸುಮಾರು 1.03 ಗ್ರಾಂ. ಒಂದು ಲೀಟರ್ ಹಾಲಿಗೆ 100 ಮಿಲಿ ನೀರು ಸೇರಿಸಿದರೆ 1130 ಗ್ರಾಂ, 1100 ಮಿಲಿಲೀಟರ್. ಭಾಗಿಸಿದರೆ 1.027. ಕೊಳವೆ ಸ್ವಲ್ಪ ಕೆಳಗಿಳಿಯುತ್ತದೆ, ನೀರು ಸಿಕ್ಕಿಬೀಳುತ್ತದೆ. ಈಗ ಮೋಸದ ದಾರಿ ನೋಡಿ. ಕೊಬ್ಬು ನೀರಿಗಿಂತ ಹಗುರ. ಮೊದಲು ಕೆನೆ ತೆಗೆದರೆ ಹಾಲಿನ ಸಾಂದ್ರತೆ ಏರಿ 1.035ರ ಹತ್ತಿರ ಹೋಗುತ್ತದೆ. ಅಂಥ ಒಂದು ಲೀಟರಿಗೆ 167 ಮಿಲಿ ನೀರು ಹಾಕಿ. 1202 ಗ್ರಾಂ, 1167 ಮಿಲಿಲೀಟರ್. ಮತ್ತೆ 1.03! ಲ್ಯಾಕ್ಟೋಮೀಟರ್ ಸರಿಯಾಗಿದೆ ಅನ್ನುತ್ತದೆ. ಕೆನೆಯೂ ಹೋಯಿತು, ನೀರೂ ಸೇರಿತು. ಅದಕ್ಕೇ ಡೈರಿಗಳಲ್ಲಿ ಕೊಬ್ಬಿನ ಅಂಶವನ್ನು ಬೇರೆಯಾಗಿ ಪರೀಕ್ಷಿಸುತ್ತಾರೆ. ಈ ಲೆಕ್ಕವನ್ನು ಬೋರ್ಡಿನ ಮೇಲೆ ಬಿಡಿಸಿದಾಗ ಹುಡುಗರು ಮುಖ ಮುಖ ನೋಡಿಕೊಂಡರು. ಗಲ್ಲೆಯ ಪಕ್ಕ ದಿನಾ ಹಾಲು ಅಳೆಯುವುದನ್ನು ನೋಡಿದವರಲ್ಲವೇ.

ಮನೆಯಲ್ಲಿ ಇರುವವರಿಗೆ ಇನ್ನೊಂದು ಮಾತು. ಸಿಲಿಂಡರಿನ ಗ್ಯಾಸ್ ಗಾಳಿಗಿಂತ ಭಾರ. ಸೋರಿದರೆ ನೆಲದ ಹತ್ತಿರ ಕೂರುತ್ತದೆ. ಮುಂಬಯಿಯ ಬಹಳ ಮನೆಗಳಲ್ಲಿ ಈಗ ಬರುವ ಪೈಪ್ ಗ್ಯಾಸ್ ಗಾಳಿಗಿಂತ ಹಗುರ. ಅದು ಮೇಲೇರುತ್ತದೆ. ಎರಡರಲ್ಲೂ ವಾಸನೆ ಬಂದರೆ ಸ್ವಿಚ್ ಮುಟ್ಟಬೇಡಿ, ಕಿಟಕಿ ಬಾಗಿಲು ತೆರೆಯಿರಿ.

ಆ ಎಣ್ಣೆ ಡಬ್ಬದ ಪಾಠ ಆದ ಕೆಲವು ದಿನಗಳಿಗೆ ಇನ್ನೊಬ್ಬ ಹುಡುಗ, ಭಟ್ಟರ ಕೈಕೆಳಗೆ ಕೆಲಸ ಮಾಡುವವನು, ತಾನೇ ಒಂದು ಪ್ರಶ್ನೆ ತಂದ. "ಟೀಚರ್, ರಾತ್ರಿ ಇಡ್ಲಿ ಹಿಟ್ಟು ಸೌಟಲ್ಲಿ ಎತ್ತಿದರೆ ಭಾರ. ಬೆಳಿಗ್ಗೆ ಅದೇ ಸೌಟು ಹಗುರ. ಆದರೆ ಪಾತ್ರೆ ಎತ್ತಿದರೆ ಅಷ್ಟೇ ಭಾರ. ಯಾಕೆ?"

ನನಗೆ ಎಷ್ಟು ಸಂತೋಷವಾಯಿತು ಅಂತ ಹೇಳಲಾರೆ. ನಾನು ಉತ್ತರ ಹೇಳಲಿಲ್ಲ. ಅಳೆದುಕೊಂಡು ಬಾ ಅಂದೆ. ಎರಡು ದಿನ ಬಿಟ್ಟು ಚೀಟಿ ತಂದ. ರಾತ್ರಿ 2 ಲೀಟರ್ ಹಿಟ್ಟು, 2200 ಗ್ರಾಂ. ಬೆಳಿಗ್ಗೆ ಉಬ್ಬಿ ಮೂರೂವರೆ ಲೀಟರ್, ಅವನ ತಕ್ಕಡಿಯಲ್ಲಿ ತೂಕ ಮಾತ್ರ ಅದೇ. ಬೋರ್ಡಿನ ಹತ್ತಿರ ಕರೆದೆ. ಮೊದಲನೆಯದು ಮಿಲಿಲೀಟರಿಗೆ 1.1 ಗ್ರಾಂ. ಎರಡನೆಯದನ್ನು ಸೀಮೆಸುಣ್ಣದಲ್ಲಿ ನಿಧಾನವಾಗಿ ಭಾಗಿಸಿದ. 0.63 ಬಂತು. ಹಿಟ್ಟಿನೊಳಗೆ ಗಾಳಿಗುಳ್ಳೆ ತುಂಬಿ ಜಾಗ ಬೆಳೆದಿದೆ, ತೂಕ ಬೆಳೆದಿಲ್ಲ ಅಂತ ಅವನೇ ಹೇಳಿದ.

ಆಮೇಲೆ ಒಂದು ಕ್ಷಣ ಸುಮ್ನೆ ನಿಂತು ಬೋರ್ಡ್ ನೋಡಿದ. "ಹಾಗಾದರೆ ಭಟ್ಟರು ಉದ್ದಿನ ವಡೆ ಹಿಟ್ಟು ಆಗಿದೆಯಾ ಅಂತ ನೋಡೋಕೆ ನೀರಿಗೆ ಒಂದು ತೊಟ್ಟು ಬಿಡ್ತಾರಲ್ಲ ಟೀಚರ್, ತೇಲಿದರೆ ಸಾಕು ರುಬ್ಬಿದ್ದು ಅಂತಾರಲ್ಲ, ಅದೂ ಇದೇ ಅಲ್ವಾ? ನೀರು ಒಂದು, ಹಿಟ್ಟು ಒಂದಕ್ಕಿಂತ ಕಡಿಮೆ."

"ಏನು ಒಂದು?" ಅಂತ ಹಿಂದಿನ ಬೆಂಚಿನಿಂದ ಕೇಳಿದವನು ಎಣ್ಣೆ ಡಬ್ಬದ ಹುಡುಗ.

"ಮಿಲಿಲೀಟರಿಗೆ ಒಂದು ಗ್ರಾಂ" ಅಂತ ಇವನು ಬೋರ್ಡಿನ ಮೇಲೆ ಬರೆದ.

ನಮಸ್ಕಾರ.