ಸಮುದ್ರದ ತಳದಲ್ಲಿ ಕಟ್ಟಿದ ಹಳ್ಳಿ: ನಾಗೆಲೆ

[ದೃಶ್ಯ: ಡ್ರೋನ್ ಶಾಟ್. ದಾರ ಹಿಡಿದು ಗೆರೆ ಎಳೆದ ಹಾಗಿರೋ ಹೊಲಗಳು, ನಡುವೆ ಮರಗಳ ಸಾಲಿನೊಳಗೆ ಒಂದು ಊರು]

ನಮಸ್ಕಾರ. ಈ ಆಲೂಗಡ್ಡೆ, ಈರುಳ್ಳಿ ಹೊಲಗಳಿವೆಯಲ್ಲ, 1940ಕ್ಕೆ ಮೊದಲು ಇಲ್ಲಿ ದೋಣಿ ಓಡಾಡ್ತಿದ್ವು. ಊರಿನ ಹೆಸರು ನಾಗೆಲೆ, ಇರೋದು ನೆದರ್‌ಲ್ಯಾಂಡ್ಸ್‌ನಲ್ಲಿ. ಡಚ್ಚರ ಬಾಯಲ್ಲಿ ಅದು 'ನಾಖೆಲೆ', 'ಖ'ನ ಗಂಟಲಿಂದ ಕೆರೆದು ತೆಗೀಬೇಕು. ನಾನು ನಾಗೆಲೆ ಅಂತಲೇ ಅಂತೀನಿ, ಸುಲಭ.

[ದೃಶ್ಯ: ನಕ್ಷೆ, ಜೌಡರ್‌ಜೇ ಕೊಲ್ಲಿ]

1916ರಲ್ಲಿ ದೊಡ್ಡ ಪ್ರವಾಹ ಬಂತು. ಅದಾದ ಮೇಲೆ ಈ ಕೊಲ್ಲಿಯ ಬಾಯಿ ಮುಚ್ಚೋದು ಅಂತ ನಿರ್ಧಾರ ಆಯ್ತು. 1932ಕ್ಕೆ 32 ಕಿಲೋಮೀಟರ್ ಉದ್ದದ ಏರಿ ಮುಗೀತು. ಆಮೇಲೆ ಒಳಗಿನ ಒಂದು ಭಾಗಕ್ಕೆ ಮತ್ತೊಂದು ಏರಿ ಸುತ್ತಿ, ಪಂಪಿಟ್ಟು ನೀರೆಲ್ಲ ಎತ್ತಿ ಹೊರಗೆ ಹಾಕಿದ್ರು. 1942ರಲ್ಲಿ, ಯುದ್ಧ ನಡೀತಿರೋವಾಗಲೇ, ಸುಮಾರು 48 ಸಾವಿರ ಹೆಕ್ಟೇರ್ ನೆಲ ಮೇಲೆ ಬಂತು. ನಡುವೆ ಎಮ್ಮೆಲೋರ್ಡ್ ಅನ್ನೋ ಪಟ್ಟಣ, ಸುತ್ತ ಹತ್ತು ಹಳ್ಳಿ, ಒಂದರಿಂದ ಇನ್ನೊಂದಕ್ಕೆ ಸೈಕಲ್ ತುಳಿದು ಹೋಗೋವಷ್ಟು ದೂರ.

ಜಮೀನು ಸರ್ಕಾರದ್ದು, ರೈತರಿಗೆ ಗುತ್ತಿಗೆ. ಆದ್ರೆ ಕೇಳಿದೋರಿಗೆಲ್ಲ ಸಿಗ್ತಿರಲಿಲ್ಲ. ಅಧಿಕಾರಿಗಳು ಮನೆಗೇ ಬಂದು ಬೇಸಾಯ ಎಷ್ಟು ಗೊತ್ತು, ಕೈಲಿ ದುಡ್ಡೆಷ್ಟಿದೆ ಅಂತ ವಿಚಾರಿಸೋರು. ಮನೆಯೊಡತಿ ಮನೆ ಹೇಗಿಟ್ಟುಕೊಂಡಿದ್ದಾಳೆ ಅಂತಾನೂ ನೋಡೋರು! ನಮ್ಮ ಹೆಣ್ಣು ನೋಡೋ ಶಾಸ್ತ್ರವೇ ಇದು, ಉಪ್ಪಿಟ್ಟು ಒಂದಿಲ್ಲ.

[ದೃಶ್ಯ: ಚಪ್ಪಟೆ ಸೂರಿನ ಮನೆಗಳ ಸಾಲು]

ಉಳಿದ ಹಳ್ಳಿಗಳಲ್ಲಿ ಇಳಿಜಾರು ಹೆಂಚಿನ ಮನೆ. ನಾಗೆಲೆಯಲ್ಲಿ ಎಲ್ಲ ಸೂರೂ ಚಪ್ಪಟೆ. ಯಾಕಂದ್ರೆ ಇದನ್ನ ರೂಪಿಸಿದ್ದು ರೀಟ್‌ಫೆಲ್ಡ್, ಆಲ್ಡೋ ಫಾನ್ ಐಕ್ ಥರದ ಆಧುನಿಕ ವಾಸ್ತುಶಿಲ್ಪಿಗಳ ಗುಂಪು. ಊರ ನಡುವೆ ಪೇಟೆ ಬೀದಿ ಬದಲು ದೊಡ್ಡ ಹುಲ್ಲುಮೈದಾನ. ಅಲ್ಲಿ ಮೂರು ಚರ್ಚು, ಮೂರು ಶಾಲೆ ಕಟ್ಟಿದ್ರು. ಕ್ಯಾಥೊಲಿಕರು ಮತ್ತು ಪ್ರಾಟೆಸ್ಟಂಟರ ಎರಡು ಪಂಗಡಗಳು ಒಂದೇ ಊರಲ್ಲಿದ್ರೂ ಅವರವರ ಬಾಗಿಲು ಅವರವರಿಗೆ. ಸೂರು ಸಮ ಮಾಡಿದಷ್ಟು ಸುಲಭ ಅಲ್ಲ, ಜನರನ್ನ ಒಂದು ಮಾಡೋದು. ಸುತ್ತ ಮರಗಳ ಪಟ್ಟಿ ಬೆಳೆಸಿದ್ದು ಗಾಳಿಗೆ. ಬಟ್ಟಬಯಲಿನಲ್ಲಿ ಅದನ್ನ ತಡೆಯೋಕೆ ಬೇರೇನೂ ಇರಲಿಲ್ಲ.

1954ರಲ್ಲಿ ಮೊದಲ ಸಂಸಾರಗಳು ಬಂದ್ವು. ಲೆಕ್ಕ ತಪ್ಪಿದ್ದೇ ಅಲ್ಲಿ. ರೈತರ ಮನೆ ಅವರವರ ಹೊಲದಲ್ಲೇ. ಊರೊಳಗಿನ ಮನೆ ಹೆಚ್ಚಾಗಿ ಕೂಲಿಯಾಳುಗಳಿಗೆ. ಊರು ಕಟ್ಟಿ ಮುಗಿಯೋಷ್ಟರಲ್ಲಿ ಟ್ರ್ಯಾಕ್ಟರ್, ಕಟಾವು ಯಂತ್ರ ಬಂದು, ಹತ್ತಾಳಿನ ಕೆಲಸಕ್ಕೆ ಒಬ್ಬ ಸಾಕಾದ. ಎಣಿಸಿದಷ್ಟು ಜನ ಬರಲೇ ಇಲ್ಲ. ಕ್ಯಾಥೊಲಿಕ್ ಚರ್ಚು ಈಗ ಊರಿನ ಕಥೆ ಹೇಳೋ ಮ್ಯೂಸಿಯಂ.

[ದೃಶ್ಯ: ಹೊಲಗಳ ನಡುವೆ ತುಸು ಎತ್ತರದ ದಿಬ್ಬ]

ಹತ್ತಿರದಲ್ಲೇ ಇರೋ ಈ ದಿಬ್ಬ ಸ್ಕೋಕ್‌ಲ್ಯಾಂಡ್. ಇದು ದ್ವೀಪವಾಗಿತ್ತು. ಅಲೆ ಕೊರೆದು ಕೊರೆದು ಬದುಕೋಕಾಗದೆ 1859ರಲ್ಲಿ ಜನರನ್ನ ತೆರವು ಮಾಡಿಸಿದ್ರು. ಈಗ ಅದರ ಸುತ್ತ ನೀರಿಲ್ಲ, ಉತ್ತ ಸಾಲುಗಳಿವೆ. ನಾಗೆಲೆ ಅನ್ನೋ ಹೆಸರೂ ಹಳೇದೇ. ಮಧ್ಯಯುಗದಲ್ಲಿ ಈ ಕಡೆಯೇ ಇದ್ದು ನೀರುಪಾಲಾದ ಒಂದು ಊರಿನದು.